ಯಾವುದರಲ್ಲೂ ರುಚಿ ಇಲ್ಲದಾಗ ಯಾವ ದಾರಿ ಹಿಡಿಯುವುದು?

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ರಾತ್ರಿ, ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಬಯಲಾಟ ನೋಡುತ್ತಾ ಕೂತಿದ್ದೆ. ಚಿಕ್ಕಂದಿನಿಂದ ಆಟ ಅಂದರೆ ನನಗೆ ಪ್ರಾಣ. ಚಂಡೆ ಸದ್ದು ದೂರದಲ್ಲಿ ಕೇಳಿದರೆ ಸಾಕು, ಕಾಲು ತಾನಾಗಿ ಆ ಕಡೆ ಹೋಗುತ್ತಿತ್ತು. ಅವತ್ತು ಕೌರವನ ವೇಷ ರಂಗಸ್ಥಳಕ್ಕೆ ಬಂತು. ಜನ ಶಿಳ್ಳೆ ಹೊಡೆದರು. ನನಗೆ ಮಾತ್ರ ಯಾರೋ ಪಕ್ಕದಲ್ಲಿ ತಗಡು ಬಡಿಯುತ್ತಿದ್ದಾರೆ ಅನ್ನಿಸಿತು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಏನೂ ಬರಲಿಲ್ಲ.

ಮನೆಯಲ್ಲಿ ಹೇಳಿದೆ. ಯಜಮಾನರು "ನಾಲ್ಕು ದಿನ ಎಲ್ಲಾದರೂ ಹೋಗಿ ಬರೋಣ" ಅಂದರು. ಅತ್ತೆ ಹರಕೆ ಹೊತ್ತರು. ಅತ್ತಿಗೆ ಯೋಗ ಕ್ಲಾಸಿನ ನಂಬರ್ ಕೊಟ್ಟರು. ಆಫೀಸಿನ ಗೆಳತಿ ಕೌನ್ಸೆಲಿಂಗ್ ಅಂದಳು. ತಮ್ಮ ಫೋನಿನಲ್ಲಿ "ಏನಾದರೂ ಮಾಡು ಅಕ್ಕ, ಮಾತ್ರೆ ಮಾತ್ರ ಬೇಡ, ಅಭ್ಯಾಸ ಆಗಿಬಿಡುತ್ತೆ" ಅಂದ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಯಾವುದು ಮೊದಲು, ಯಾವುದು ಯಾರಿಗೆ ಅಂತ ಒಬ್ಬರೂ ಹೇಳಲಿಲ್ಲ. ಎಂಟು ತಿಂಗಳು ಸುಮ್ನೆ ಕಳೆದುಹೋದವು. ಆ ಎಂಟು ತಿಂಗಳು ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದರಲ್ಲಿ ಕೆಲವು ದಾರಿ ನಾನೇ ನಡೆದವು, ಕೆಲವು ಓದಿ, ಕೇಳಿ ತಿಳಿದವು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. "ನಾನಿದ್ದು ಏನಾಗಬೇಕು", "ಮಲಗಿದವಳು ಏಳದಿದ್ದರೆ ಚೆನ್ನಾಗಿತ್ತು" ಅನ್ನುವ ಯೋಚನೆ ಬರುತ್ತಿದ್ದರೆ ಹೋಲಿಕೆ ಮಾಡುತ್ತಾ ಕೂರಬೇಡಿ. ಇವತ್ತೇ ಮನೆಯಲ್ಲಿ ಒಬ್ಬರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಮಾಡಿಕೊಳ್ಳುವ ಹಂತಕ್ಕೆ ಬಂದಿದ್ದರೆ ಒಬ್ಬರೇ ಇರಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ.

ದಣಿವಾ, ದುಃಖವಾ, ವೈರಾಗ್ಯವಾ?

ದಾರಿ ಆರಿಸುವ ಮುಂಚೆ ಇದು ಏನು ಅಂತ ಸ್ವಲ್ಪ ನೋಡಿಕೊಳ್ಳಬೇಕು. ಬರೀ ದಣಿವಾದರೆ ಸಾಮಾನ್ಯವಾಗಿ ಒಂದು ವಾರ ಚೆನ್ನಾಗಿ ನಿದ್ದೆ ಮಾಡಿ, ಕೆಲಸ ಕಡಿಮೆ ಮಾಡಿದರೆ ರುಚಿ ವಾಪಸ್ ಬರುತ್ತದೆ. ಯಾರನ್ನಾದರೂ ಕಳೆದುಕೊಂಡ ದುಃಖವಾದರೆ ಅದು ಅಲೆಯ ಹಾಗೆ ಬಂದು ಹೋಗುತ್ತದೆ. ನಡುವೆ ಅವರದೇ ಒಂದು ಮಾತು ನೆನಪಾಗಿ ನಗುವೂ ಬರುತ್ತದೆ. ನಾನು ಹೇಳುತ್ತಿರುವುದು ಹಾಗಲ್ಲ. ನಿದ್ದೆ ಮಾಡಿದರೂ ಅಷ್ಟೇ, ರಜೆ ಹಾಕಿದರೂ ಅಷ್ಟೇ. ದಿನವಿಡೀ ಒಂದೇ ಸಪ್ಪೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಐವತ್ತು ದಾಟಿದವರು "ಏನೂ ಬೇಡ ಅನ್ನಿಸುತ್ತೆ" ಅಂದರೆ ಜನ ಅದನ್ನು ವೈರಾಗ್ಯ ಅಂದುಬಿಡುತ್ತಾರೆ. ಹೊಗಳಿಯೂ ಬಿಡುತ್ತಾರೆ! ನಮ್ಮ ದೊಡ್ಡಪ್ಪ ಹಾಗೇ ಎರಡು ವರ್ಷ ಜಗುಲಿಯ ಮೂಲೆಯಲ್ಲಿ ಕೂತಿದ್ದರು. ಅವರು ಆಸೆ ಬಿಟ್ಟಿರಲಿಲ್ಲ, ಅವರಿಗೆ ಆಸೆ ಹುಟ್ಟುತ್ತಲೇ ಇರಲಿಲ್ಲ. ನಿಜವಾಗಿ ವೈರಾಗ್ಯ ಬಂದವರು ಹಗುರಾಗುತ್ತಾರೆ, ನಿದ್ದೆ ಮಾಡುತ್ತಾರೆ, ಮೊಮ್ಮಗು ಬಂದರೆ ಮುಖ ಅರಳುತ್ತದೆ. ದೊಡ್ಡಪ್ಪನಿಗೆ ಬೆಳಗಿನ ಮೂರಕ್ಕೇ ಎಚ್ಚರ ಆಗುತ್ತಿತ್ತು. ಮೊಮ್ಮಗು ತೊಡೆ ಹತ್ತಿದರೂ ಕೈ ಎತ್ತುತ್ತಿರಲಿಲ್ಲ.

ಈ ಸ್ಥಿತಿಗೆ ಡಾಕ್ಟರುಗಳು ಅನ್‌ಹೆಡೋನಿಯಾ ಅನ್ನುತ್ತಾರೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ 1896ರಲ್ಲಿ ಇಟ್ಟ ಹೆಸರು. ಖಿನ್ನತೆಯ ಎರಡು ಮುಖ್ಯ ಲಕ್ಷಣಗಳಲ್ಲಿ ಇದು ಒಂದು. ಇನ್ನೊಂದು ಬೇಸರದ ಮನಸ್ಸು. ಎರಡರಲ್ಲಿ ಒಂದಿದ್ದು, ನಿದ್ದೆ, ಊಟ, ಸುಸ್ತು, ಗಮನ ಇವುಗಳಲ್ಲೂ ತೊಂದರೆ ಸೇರಿ ಎರಡು ವಾರ ಎಡೆಬಿಡದೆ ಇದ್ದರೆ ಡಾಕ್ಟರ್ ಅದನ್ನು ಖಿನ್ನತೆ ಅನ್ನಬಹುದು. ಅಂದರೆ ಅಳು ಇಲ್ಲದೆಯೂ ಖಿನ್ನತೆ ಇರುತ್ತದೆ. ನನ್ನ ಎಂಟು ತಿಂಗಳು ಹೋಗಿದ್ದು ಇದು ಗೊತ್ತಿಲ್ಲದೆ. "ನಾನು ಅಳ್ತಾ ಇಲ್ಲವಲ್ಲ, ನನಗೇನಾಗಿದೆ" ಅಂದುಕೊಂಡು ಕೂತಿದ್ದೆ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20 ಜನಕ್ಕೆ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಹೆಚ್ಚಿನವರು ಚಿಕಿತ್ಸೆಗೆ ಹೋಗುವುದೇ ಇಲ್ಲ. ಬಯಲಾಟಕ್ಕೆ ಸೇರುವ ಜನರ ಲೆಕ್ಕ ಹಾಕಿ ನೋಡಿ.

ಆಸೆ ಹೋಗಿದೆಯಾ, ಸವಿ ಹೋಗಿದೆಯಾ?

ದಾರಿ ಆರಿಸುವಾಗ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ಪ್ರಶ್ನೆ ಇದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಜೊತೆಗಾರರು 1989ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಹೆಚ್ಚುಕಡಿಮೆ ಇಲ್ಲವಾದ ಇಲಿಗಳು ಪಕ್ಕದಲ್ಲೇ ಆಹಾರ ಇದ್ದರೂ ತಾವಾಗಿ ತಿನ್ನುವುದಿಲ್ಲ. ಆದರೆ ಸಿಹಿನೀರನ್ನು ಬಾಯಿಗೇ ಹಾಕಿದರೆ ಬೇರೆ ಇಲಿಗಳ ಹಾಗೆಯೇ ತುಟಿ ಸವರಿಕೊಳ್ಳುತ್ತವೆ. ಬೇಕು ಅನ್ನಿಸುವುದು ಬೇರೆ, ಸಿಕ್ಕಾಗ ಸವಿಯುವುದು ಬೇರೆ.

ನಿಮ್ಮನ್ನೇ ಕೇಳಿಕೊಳ್ಳಿ. ಎದ್ದು ಕಾಫಿ ಮಾಡಿಕೊಳ್ಳಲು ಮನಸ್ಸಿಲ್ಲ, ಸರಿ. ಯಾರಾದರೂ ಬಿಸಿ ಬಿಸಿ ಕಾಫಿ ಕೈಗೆ ಕೊಟ್ಟರೆ? ಕುಡಿದಾಗ "ಹಾ" ಅನ್ನಿಸಿದರೆ ಸವಿ ಇನ್ನೂ ಇದೆ, ಆಸೆ ಮಾತ್ರ ಮಲಗಿದೆ. ಅದೂ ಬಿಸಿನೀರು ಕುಡಿದ ಹಾಗಿದ್ದರೆ ಎರಡೂ ಹೋಗಿವೆ. ಮೊದಲನೆಯದಕ್ಕೆ ಮುಂದೆ ಹೇಳುವ ಕೈಕೆಲಸದ ದಾರಿ ಚೆನ್ನಾಗಿ ಹೊಂದುತ್ತದೆ. ಎರಡನೆಯದಾದರೆ ತಡ ಮಾಡದೆ ಡಾಕ್ಟರನ್ನು ನೋಡುವುದು ಒಳ್ಳೆಯದು. ಇದು ವೈದ್ಯಕೀಯ ಪರೀಕ್ಷೆ ಅಲ್ಲ, ನನ್ನ ಅಂದಾಜು.

ಯಾವ ದಾರಿಗೂ ಮುಂಚೆ ರಕ್ತ ಪರೀಕ್ಷೆ

ಇದಕ್ಕೆ ಪರ್ಯಾಯ ಇಲ್ಲ. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಇದ್ದರೆ, ಬಿ12 ಕೊರತೆ ಇದ್ದರೆ ಮನಸ್ಸು ಹೀಗೇ ಸಪ್ಪೆಯಾಗುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ಸಕ್ಕರೆ, ಇಷ್ಟು ನೋಡಿಸಿ. ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿ. ವಯಸ್ಸಾದವರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೀಗೇ ಶುರುವಾಗುವುದುಂಟು. ದಿನಾ ಕುಡಿಯುವವರು ಅದನ್ನು ಮುಚ್ಚಿಡದೆ ಹೇಳಬೇಕು. ಕುಡಿತ ಸಂಜೆ ಎರಡು ಗಂಟೆ ಕೊಟ್ಟ ಖುಷಿಯನ್ನು ಉಳಿದ ದಿನದಿಂದ ಕಿತ್ತುಕೊಳ್ಳುತ್ತದೆ.

ನನಗೆ ಥೈರಾಯ್ಡ್ ಸಿಕ್ಕಿತು. ಮೊದಲು ತೋರಿಸಿದ ಕಡೆ "ಗ್ಯಾಸ್ಟ್ರಿಕ್, ಟೆನ್ಷನ್" ಅಂತ ಹೇಳಿ ಟಾನಿಕ್ ಕೊಟ್ಟು ಕಳಿಸಿದ್ದರು. ಎರಡನೇ ಡಾಕ್ಟರ್ ಪರೀಕ್ಷೆ ಬರೆದುಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯ ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ಮೈಯ ಸುಸ್ತು ಹೋಯಿತು. ರುಚಿ ಮಾತ್ರ ಬರಲಿಲ್ಲ. ಹಾಗೂ ಆಗುತ್ತದೆ.

ಕಾಯುವುದು, ಪ್ರವಾಸ, ಹರಕೆ

ಕಾಯುವುದಕ್ಕೆ ಖರ್ಚಿಲ್ಲ, ಹಾಗಾಗಿ ಎಲ್ಲರೂ ಮೊದಲು ಅದನ್ನೇ ಆರಿಸುತ್ತಾರೆ. ಎರಡು ವಾರ ಕಾಯಿರಿ, ತಪ್ಪಿಲ್ಲ. ಅದಕ್ಕಿಂತ ಜಾಸ್ತಿ ಬೇಡ. ಪ್ರವಾಸ ದಣಿದವರಿಗೆ ಮದ್ದು. ಸವಿ ಹೋದವರಿಗೆ ಅದು ಶಿಕ್ಷೆ. ನಾವು ಮುರುಡೇಶ್ವರಕ್ಕೆ ಹೋದೆವು. ಸಮುದ್ರದ ಮುಂದೆ ನಿಂತು "ಇದನ್ನು ನೋಡಿಯೂ ಏನೂ ಅನ್ನಿಸ್ತಾ ಇಲ್ಲವಲ್ಲ" ಅಂತ ಇನ್ನಷ್ಟು ಕುಗ್ಗಿದೆ. ಫೋಟೋದಲ್ಲಿ ನಗುತ್ತಿದ್ದೇನೆ.

ಹರಕೆ, ಪೂಜೆ ಬೇಡ ಅನ್ನುವವಳು ನಾನಲ್ಲ. ಅತ್ತೆಯ ಜೊತೆ ಬೆಳಿಗ್ಗೆ ದೇವಸ್ಥಾನಕ್ಕೆ ನಡೆದು ಹೋಗಿ ಬರುವುದರಿಂದ ಒಳ್ಳೆಯದೇ ಆಯಿತು. ನಾಲ್ಕು ಜನರ ಮುಖ ನೋಡಿದ ಹಾಗಾಯಿತು. ಆದರೆ ಅದನ್ನು ಡಾಕ್ಟರಿಗೆ ಬದಲಾಗಿ ಮಾಡಬೇಡಿ, ಜೊತೆಗೆ ಮಾಡಿ. ಮಾಟ ಮಂತ್ರ ತೆಗೆಸುತ್ತೇವೆ ಅಂತ ಸಾವಿರಗಟ್ಟಲೆ ಕೇಳುವವರ ಹತ್ತಿರ ಹೋಗಲೇಬೇಡಿ.

ಕೈ ಮೊದಲು, ಮನಸ್ಸು ಆಮೇಲೆ

ನನಗೆ ಒಂದೇ ದಾರಿ ಹೇಳಿ ಅಂದರೆ ಇದನ್ನೇ ಹೇಳುತ್ತೇನೆ. ಆಸಕ್ತಿ ಬರಲಿ, ಆಮೇಲೆ ಮಾಡೋಣ ಅಂತ ನಾವು ಕಾಯುತ್ತೇವೆ. ಈ ಕಾಯಿಲೆಯಲ್ಲಿ ಅದು ತಿರುಗುಮುರುಗು. ಮೊದಲು ಮಾಡಬೇಕು, ಆಸಕ್ತಿ ಹಿಂದಿನಿಂದ ಕುಂಟುತ್ತಾ ಬರುತ್ತದೆ. ಇದನ್ನು ಬಿಹೇವಿಯರಲ್ ಆಕ್ಟಿವೇಷನ್ ಅನ್ನುತ್ತಾರೆ. ಸುಮ್ನೆ "ಬ್ಯುಸಿಯಾಗಿರು" ಅನ್ನುವ ಉಪದೇಶ ಅಲ್ಲ, ಇದಕ್ಕೆ ಕ್ರಮ ಇದೆ.

ಮೊದಲ ವಾರ ಏನನ್ನೂ ಬದಲಿಸುವುದಿಲ್ಲ. ಯಾವ ಹೊತ್ತಿಗೆ ಏನು ಮಾಡಿದೆ ಅಂತ ಬರೆಯುವುದಷ್ಟೇ. ಪಕ್ಕದಲ್ಲಿ ಹತ್ತಕ್ಕೆ ಎರಡು ಅಂಕ: ಎಷ್ಟು ಖುಷಿ ಆಯಿತು, ಒಂದು ಕೆಲಸ ಮುಗಿಸಿದೆ ಅನ್ನುವ ಸಮಾಧಾನ ಎಷ್ಟು. ನನ್ನ ಪುಸ್ತಕ ನೋಡಿ ನನಗೇ ನಾಚಿಕೆಯಾಯಿತು. ರಾತ್ರಿ ಊಟದ ಮೇಲೆ ಎರಡೂವರೆ ಗಂಟೆ ರೀಲ್ಸ್, ಅಂಕ ಸೊನ್ನೆ, ಸೊನ್ನೆ. ಬಟ್ಟೆ ಮಡಚಿಟ್ಟಿದ್ದಕ್ಕೆ ಸಮಾಧಾನ ಮೂರು!

ಎರಡನೇ ವಾರದಿಂದ ಚಿಕ್ಕ ಚಿಕ್ಕ ಕೆಲಸಕ್ಕೆ ಗಂಟೆ ಗೊತ್ತು ಮಾಡುವುದು. ಮನಸ್ಸು ಬಂದಾಗ ಅಲ್ಲ, ಗಂಟೆ ಆದಾಗ. ಕೆಲಸ ನಗು ಬರುವಷ್ಟು ಚಿಕ್ಕದಿರಬೇಕು. ತೋಟ ಸರಿ ಮಾಡುವುದು ಅಲ್ಲ, ಕನಕಾಂಬರದ ಎರಡು ಪಾತಿಗೆ ನೀರು ಹಾಕುವುದು. ಮಾಡುವ ಮುಂಚೆ ಎಷ್ಟು ಖುಷಿ ಸಿಗಬಹುದು ಅಂತ ಅಂಕ ಬರೆಯಬೇಕು, ಮಾಡಿದ ಮೇಲೆ ಎಷ್ಟು ಸಿಕ್ಕಿತು ಅಂತ ಇನ್ನೊಂದು. ಮೊದಮೊದಲು ಎರಡೂ ಸೊನ್ನೆ. ಹತ್ತನೇ ದಿನ ಅಂದುಕೊಂಡಿದ್ದು ಒಂದು, ಸಿಕ್ಕಿದ್ದು ಎರಡು. ಆ ಒಂದು ಅಂಕದ ವ್ಯತ್ಯಾಸ ಕಣ್ಣಿಗೆ ಬಿದ್ದಾಗಲೇ "ಓಹೋ, ನನ್ನ ತಲೆ ಮುಂಚೆಯೇ ಸುಳ್ಳು ಲೆಕ್ಕ ಹೇಳುತ್ತಿದೆ" ಅಂತ ಗೊತ್ತಾಗಿದ್ದು.

ಆಟಕ್ಕೂ ಹೀಗೇ ವಾಪಸ್ ಹೋದೆ. ಮೊದಲ ಸಲ ಚೌಕಿಯ, ಅಂದರೆ ವೇಷ ಕಟ್ಟುವ ಜಾಗದ ಹೊರಗೆ ಹದಿನೈದು ನಿಮಿಷ ನಿಂತು ಮನೆಗೆ ಬಂದೆ. ಇಡೀ ರಾತ್ರಿ ಕೂತಿದ್ದು ಮುಂದಿನ ಸೀಸನ್ನಿನಲ್ಲಿ.

ಇದು ನನ್ನೊಬ್ಬಳ ಕಥೆ ಅಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರೇ ಆರರಿಂದ ಎಂಟು ಭೇಟಿಯಲ್ಲಿ ಇದೇ ಕ್ರಮ ಕಲಿಸಿದರು. ಡಾ. ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರ ಆ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಸೇರಿದವರದು ಸಾಕಷ್ಟು ತೀವ್ರ ಖಿನ್ನತೆ. ಮೂರು ತಿಂಗಳಿಗೆ ಈ ಕ್ರಮ ಕಲಿತವರಲ್ಲಿ 64%, ಕಲಿಯದವರಲ್ಲಿ 39% ಜನರ ಖಿನ್ನತೆ ಇಳಿದಿತ್ತು. ಅದಕ್ಕೆ ಒಂದು ವರ್ಷ ಮುಂಚೆ ಇಂಗ್ಲೆಂಡಿನಲ್ಲಿ ಇದನ್ನು ಸಿಬಿಟಿ ಅನ್ನುವ ಪ್ರಸಿದ್ಧ ಮಾತಿನ ಚಿಕಿತ್ಸೆಯ ಜೊತೆ ಹೋಲಿಸಿದರು. ಫಲಿತಾಂಶದಲ್ಲಿ ಇದು ಹಿಂದೆ ಬೀಳಲಿಲ್ಲ, ಖರ್ಚು ಮಾತ್ರ ಕಡಿಮೆ ಆಯಿತು.

ಇದರ ಕೊರತೆ? ಹಾಸಿಗೆಯಿಂದ ಏಳಲೂ ಆಗದವರಿಗೆ ಒಬ್ಬರೇ ಮಾಡುವುದು ಕಷ್ಟ. ಯಾರಾದರೂ ಜೊತೆಗಿರಬೇಕು, ಇಲ್ಲವೇ ಮಾತ್ರೆ ಸ್ವಲ್ಪ ಎತ್ತಿ ನಿಲ್ಲಿಸಬೇಕು. ಮೂರು ದಿನ ತಪ್ಪಿದರೆ "ನನ್ನ ಕೈಲಿ ಇದೂ ಆಗಲ್ಲ" ಅನ್ನಿಸುವ ಅಪಾಯವೂ ಇದೆ. ಹಾಗಾದಾಗ ಕೆಲಸವನ್ನು ಇನ್ನೂ ಚಿಕ್ಕದು ಮಾಡಿ. ಎರಡು ಪಾತಿ ಆಗದಿದ್ದರೆ ಒಂದು ಗಿಡ.

ನಡಿಗೆ ಮತ್ತು ಯೋಗ

ಖಿನ್ನತೆಗೆ ಎರಡರಿಂದಲೂ ಉಪಯೋಗ ಇದೆ. ವಾರಕ್ಕೆ 150 ನಿಮಿಷ ಚುರುಕಿನ ನಡಿಗೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎರಡರಲ್ಲಿ ಒಂದು ಅಂದರೆ ಜೊತೆಗಾರರು ಇರುವುದನ್ನು ಆರಿಸಿ. ನನಗೆ ಮನೆಯ ಯೋಗ ಒಂದು ವಾರ ನಡೆಯಿತು, ಪಕ್ಕದ ಮನೆಯವರ ಜೊತೆಗಿನ ನಡಿಗೆ ಇವತ್ತಿಗೂ ನಡೆಯುತ್ತಿದೆ. ಅವರು ಗೇಟಿನ ಹತ್ತಿರ ನಿಂತು ಕೂಗುತ್ತಾರೆ, ಹೋಗದೆ ವಿಧಿಯಿಲ್ಲ.

ಮಾತಿಗೆ ಯಾರ ಹತ್ತಿರ?

ಇಲ್ಲಿ ಜನರಿಗೆ ತುಂಬಾ ಗೊಂದಲ. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ, ಮನೋರೋಗದಲ್ಲಿ ಮುಂದೆ ಓದಿದವರು. ಮಾತ್ರೆ ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಅವರು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಹೊಂದಿರಬೇಕು. ಕೌನ್ಸೆಲರ್ ಅನ್ನುವ ಬೋರ್ಡನ್ನು ಸಣ್ಣ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಾರೆ. ಒಳ್ಳೆಯವರೂ ಇದ್ದಾರೆ, ಆದರೆ "ಏನು ಓದಿದ್ದೀರಿ, ನೋಂದಣಿ ಇದೆಯಾ" ಅಂತ ಕೇಳಲು ಸಂಕೋಚ ಬೇಡ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಮನೆಯಲ್ಲಿ ಮಾಡಲು ಏನಾದರೂ ಕೊಡುತ್ತೀರಾ?" ನಾನು ಮೊದಲು ಹೋದ ಕಡೆ ನಾಲ್ಕು ಭೇಟಿ ಪೂರ್ತಿ ನನ್ನ ಬಾಲ್ಯದ ಬಗ್ಗೆಯೇ ಮಾತಾಯಿತು. ಕೆಟ್ಟದಾಗೇನೂ ಇರಲಿಲ್ಲ. ಆದರೆ ರುಚಿ ಹೋದವಳಿಗೆ ಮಾತಾಡುವುದರಲ್ಲೂ ರುಚಿ ಇರುವುದಿಲ್ಲ ಅಲ್ವಾ? ಮನೆಗೆ ಕೆಲಸ ಕೊಟ್ಟು, ಮುಂದಿನ ಸಲ ಪುಸ್ತಕ ನೋಡುವವರು ನನಗೆ ಹೊಂದಿದರು. ಮನಸ್ಸಿನಲ್ಲಿ ಹಳೆಯ ಗಾಯ ಇರುವವರಿಗೆ, ಮನೆಯೊಳಗೆ ಹಿಂಸೆ ಇರುವವರಿಗೆ ಮೊದಲನೆಯ ಥರದವರೇ ಬೇಕಾಗಬಹುದು.

ಮಾತ್ರೆ

ತಮ್ಮ ಹೇಳಿದ್ದು ಅರ್ಧ ತಪ್ಪು. ಖಿನ್ನತೆಗೆ ಮೊದಲು ಕೊಡುವ ಎಸಿಟಾಲೊಪ್ರಾಮ್, ಸರ್ಟ್ರಲಿನ್, ಫ್ಲುಯೊಕ್ಸೆಟಿನ್ ಥರದ ಮಾತ್ರೆಗಳು ಕುಡಿತದ ಹಾಗೆ ಚಟ ಹಿಡಿಸುವುದಿಲ್ಲ. ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು. ಅದಕ್ಕೇ ನಿಧಾನವಾಗಿ ಇಳಿಸುತ್ತಾರೆ. ನಿದ್ದೆ ಮಾತ್ರೆ ಬೇರೆ ಜಾತಿ, ಅದು ನಿಜವಾಗಿಯೂ ಅಭ್ಯಾಸ ಆಗುತ್ತದೆ. ಜನ ಎರಡನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ.

ಇದರಲ್ಲಿ ದೊಡ್ಡ ಪರೀಕ್ಷೆ ತಾಳ್ಮೆಯದು. ಮೊದಲ ವಾರ ಹೊಟ್ಟೆ ತೊಳಸುವುದು, ನಿದ್ದೆ ಏರುಪೇರು ಆಗಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ ಬೇಕು. ತೊಂದರೆ ಮೊದಲು, ಗುಣ ಆಮೇಲೆ. ಹಾಗಾಗಿ ಹತ್ತನೇ ದಿನಕ್ಕೇ ಬಿಡುವವರಿದ್ದಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ಮನೆಯವರು ಮೊದಲ ವಾರಗಳಲ್ಲಿ ಹತ್ತಿರದಿಂದ ನೋಡಿಕೊಳ್ಳಬೇಕು, ಅದರಲ್ಲೂ 25ರ ಒಳಗಿನವರನ್ನು. ಆ ವಯಸ್ಸಿನ ಕೆಲವರಲ್ಲಿ ಶುರುವಿನಲ್ಲಿ ಸಾಯುವ ಯೋಚನೆ ಹೆಚ್ಚಾಗುವ ಅಪಾಯ ಇದೆ.

ನಮ್ಮ ವಿಷಯಕ್ಕೇ ಸೇರಿದ ಒಂದು ಸಂಗತಿ ಹೇಳಲೇಬೇಕು. ಈ ಮಾತ್ರೆಗಳಿಂದಲೇ ಕೆಲವರಿಗೆ ಭಾವನೆ ಮೊಂಡಾಗುತ್ತದೆ. ಲೈಂಗಿಕ ಆಸಕ್ತಿಯೂ ಕಡಿಮೆಯಾಗುತ್ತದೆ. ನನಗೆ ಎರಡನೇ ತಿಂಗಳಲ್ಲಿ ಆತಂಕ ಹೋಯಿತು, ಜೊತೆಗೆ ಉಳಿದಿದ್ದ ಅಲ್ಪಸ್ವಲ್ಪ ಖುಷಿಯೂ ಹೋಯಿತು. "ಡಾಕ್ಟರೇ, ಅಳುವೂ ಇಲ್ಲ, ನಗುವೂ ಇಲ್ಲ" ಅಂದೆ. ಅವರು ಬೇರೆ ಮಾತ್ರೆ ಕೊಟ್ಟರು, ಸರಿಹೋಯಿತು. ಡೋಪಮಿನ್ ಮೇಲೆ ಕೆಲಸ ಮಾಡುವ ಬುಪ್ರೊಪಿಯಾನ್ ಥರದವೂ ಇವೆ. ಫಿಟ್ಸ್ ಬಂದವರಿಗೆ ಅದನ್ನು ಕೊಡುವುದಿಲ್ಲ. ಒಂದು ಮಾತ್ರೆ ಆಗಿಬರಲಿಲ್ಲ ಅಂದರೆ ಮಾತ್ರೆಯ ದಾರಿಯೇ ಮುಚ್ಚಿತು ಅಂತ ಅಲ್ಲ. ಹೇಳದೆ ಬಿಡಬೇಡಿ, ಹೇಳಿ ಬದಲಿಸಿ.

ಹಾಗಾದರೆ ಯಾರಿಗೆ ಯಾವುದು?

ಕೆಲಸಕ್ಕೆ ಹೋಗುತ್ತಿದ್ದೀರಿ, ಊಟ ನಿದ್ದೆ ಪರವಾಗಿಲ್ಲ, ಕಾಫಿ ಇನ್ನೂ ಸವಿ ಅನ್ನಿಸುತ್ತದೆ: ರಕ್ತ ಪರೀಕ್ಷೆ, ಅಂಕ ಬರೆಯುವ ಪುಸ್ತಕ, ನಡಿಗೆ. ಆರು ವಾರ ನೋಡಿ. ಕೆಲಸ ತಪ್ಪುತ್ತಿದೆ, ಮನೆಯವರಿಗೂ ಕಾಣುತ್ತಿದೆ ಅಂದರೆ ಸೈಕಾಲಜಿಸ್ಟ್ ಅಥವಾ ಮನೋವೈದ್ಯರು, ಯಾರು ಬೇಗ ಸಿಗುತ್ತಾರೋ ಅವರು. ತೂಕ ಇಳಿದಿದೆ, ಸ್ನಾನವೂ ಬೇಡ, ಬೆಳಗಿನ ಜಾವ ಎಚ್ಚರ ಅಂದರೆ ಮೊದಲು ಮನೋವೈದ್ಯರು, ಮಾತ್ರೆ ಹಿಡಿದ ಮೇಲೆ ಪುಸ್ತಕ. ಹೆರಿಗೆಯಾದ ತಾಯಂದಿರು "ಮಗು ಮೇಲೆ ಪ್ರೀತಿಯೇ ಬರ್ತಿಲ್ಲ" ಅಂದರೆ ಬೈಯದೆ ಕರೆದುಕೊಂಡು ಹೋಗಿ. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಅತಿ ಉತ್ಸಾಹ, ಮೈಮೇಲೆ ಎಚ್ಚರವಿಲ್ಲದ ಖರ್ಚು ಆಗಿದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು, ಆಗ ಮಾತ್ರೆಯೇ ಬೇರೆ.

ಸರ್ಕಾರಿಯಾ, ಖಾಸಗಿಯಾ? ಖಾಸಗಿಯಲ್ಲಿ ಹೊತ್ತು ಗೊತ್ತು ಮಾಡಿ ಹೋಗಬಹುದು, ಹೆಚ್ಚು ಹೊತ್ತು ಮಾತಾಡಬಹುದು, ದುಡ್ಡೂ ಹಾಗೇ ಹೋಗುತ್ತದೆ. ಸರ್ಕಾರಿಯಲ್ಲಿ ಕಾಯಬೇಕು, ಆದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಯೋಜನೆಯ ಮಂಗಳವಾರದ ಕ್ಲಿನಿಕ್ ಬಗ್ಗೆ ವಿಚಾರಿಸಿ. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗೆ ದೇಶಕ್ಕೇ ಮಾದರಿ ಹಾಕಿಕೊಟ್ಟಿದ್ದು 1980ರ ದಶಕದ ಬಳ್ಳಾರಿ, ಅದನ್ನು ನಾವೇ ಮರೆತಿದ್ದೇವೆ. ದೊಡ್ಡ ತೊಡಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮಾತ್ರೆಗಳ ಜನರಿಕ್ ರೂಪ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗಬಹುದು, ಚೀಟಿ ಮಾತ್ರ ಬೇಕು.

ಎಲ್ಲಿಗೇ ಹೋದರೂ ಒಂದು ಚೀಟಿ ಬರೆದುಕೊಂಡು ಹೋಗಿ. ಡಾಕ್ಟರ್ ಮುಂದೆ ಕೂತಾಗ "ಏನಿಲ್ಲ, ಸ್ವಲ್ಪ ಬೇಜಾರು" ಅಂತ ಬಾಯಿಗೆ ಬಂದುಬಿಡುತ್ತದೆ. ನನಗೂ ಹಾಗೇ ಆಗಿತ್ತು. ಎಷ್ಟು ವಾರದಿಂದ, ಮುಂಚೆ ಏನು ಇಷ್ಟ ಇತ್ತು, ಈಗ ಅದನ್ನು ಮಾಡಿದರೆ ಏನಾಗುತ್ತದೆ, ನಿದ್ದೆ ಎಷ್ಟು ಗಂಟೆ, ತೂಕ, ಈಗಿನ ಮಾತ್ರೆಗಳು, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ, ಸಾಯುವ ಯೋಚನೆ ಬಂದಿದೆಯಾ. ನನ್ನ ಚೀಟಿಯ ಮೊದಲ ಸಾಲು "ಚಂಡೆ ಸದ್ದು ತಗಡಿನ ಹಾಗೆ ಕೇಳುತ್ತದೆ" ಅಂತಿತ್ತು. ಡಾಕ್ಟರ್ ಅದನ್ನು ಓದಿ ಪೆನ್ನು ಕೆಳಗಿಟ್ಟು, "ಯಾವ ಮೇಳದ ಆಟ ನೋಡ್ತಿದ್ರಿ?" ಅಂತ ಕೇಳಿದರು.